ಕಾರವಾನ್ ವಾಹನಗಳಲ್ಲಿ ಧ್ವನಿ ಹಾಗೂ ಉಪಗ್ರಹ ದೂರದರ್ಶನ ಉಪಕರಣಗಳ ಉನ್ನತೀಕರಣ: ಮಾಲೀಕರು ತಿಳಿದಿರಬೇಕಾದ ಅಂಶಗಳು

1. ಪೀಠಿಕೆ

ಮಲಗುವ ಸ್ಥಳ, ಊಟದ ಮೇಜು, ಅಡುಗೆ ವ್ಯವಸ್ಥೆ ಹಾಗೂ ಸಾಮಾನು ಇಡುವ ಕಪಾಟುಗಳನ್ನು ಹೊಂದಿರುವ ಪ್ರವಾಸಿ ವಾಹನವನ್ನು ಮೋಟಾರು ಕಾರವಾನ್ ಎಂದು ಕರೆಯಲಾಗುತ್ತದೆ. ರಾಜ್ಯದಲ್ಲಿ ಇಂತಹ ವಾಹನಗಳನ್ನು ಸ್ವಂತ ಉಪಯೋಗಕ್ಕಾಗಿ ಇಟ್ಟುಕೊಂಡವರೂ, ಬಾಡಿಗೆಗೆ ನೀಡುವ ಪ್ರವಾಸಿ ನಿರ್ವಾಹಕರೂ ಇದ್ದಾರೆ. ವಾಹನ ಖರೀದಿಸಿದ ಕೆಲವು ವರ್ಷಗಳ ನಂತರ ಅದರ ದೂರದರ್ಶನ ಪೆಟ್ಟಿಗೆ, ಡಿಶ್ ಆಂಟೆನಾ ಮತ್ತು ಧ್ವನಿ ಉಪಕರಣಗಳನ್ನು ಬದಲಾಯಿಸಬೇಕೆಂಬ ಇಚ್ಛೆ ಮಾಲೀಕರಲ್ಲಿ ಮೂಡುವುದು ಸಹಜ.

ಮನೆಯಲ್ಲಿ ದೂರದರ್ಶನ ಬದಲಾಯಿಸುವುದಕ್ಕೂ ವಾಹನದಲ್ಲಿ ಬದಲಾಯಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ಮನೆಯಲ್ಲಿ ವಿದ್ಯುತ್ ಹೊರಗಿನಿಂದ ಬರುತ್ತದೆ. ಕಾರವಾನ್‌ನಲ್ಲಿ ಅದು ಬ್ಯಾಟರಿಯಲ್ಲಿ ಇದ್ದಷ್ಟೇ. ಮನೆಯ ಗೋಡೆ ಅಲುಗುವುದಿಲ್ಲ. ವಾಹನದ ಗೋಡೆ, ಛಾವಣಿ ಮತ್ತು ತಂತಿಗಳು ಪ್ರತಿ ಕಿಲೋಮೀಟರಿಗೂ ಅದುರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಒಂದೇ ಬಾಗಿಲಿನ ಈ ಚಿಕ್ಕ ಕೋಣೆಯಲ್ಲಿ ಅಡುಗೆ ಅನಿಲದ ಸಿಲಿಂಡರ್ ಇರುತ್ತದೆ ಮತ್ತು ಜನರು ನಿದ್ರಿಸುತ್ತಾರೆ. ಆದ್ದರಿಂದ ಉನ್ನತೀಕರಣದ ಕ್ರಮವು ಮೊದಲು ವಿದ್ಯುತ್ ಮತ್ತು ಸುರಕ್ಷತೆ, ನಂತರ ಆಂಟೆನಾ, ತದನಂತರ ಪರದೆ ಮತ್ತು ಧ್ವನಿ ಎಂದಿರಬೇಕು. ಸಾಮಾನ್ಯವಾಗಿ ಇದು ತಿರುಗುಮುರುಗಾಗಿ ನಡೆಯುತ್ತಿರುವುದರಿಂದ ಸಾರ್ವಜನಿಕರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

2. ವಿದ್ಯುತ್ತಿನ ಆಯ-ವ್ಯಯ

ಯಾವುದೇ ಹೊಸ ಉಪಕರಣವನ್ನು ಖರೀದಿಸುವ ಮುನ್ನ ಮಾಲೀಕರು ಒಂದು ಹಾಳೆಯಲ್ಲಿ ವಾಹನದ ವಿದ್ಯುತ್ತಿನ ಜಮಾ-ಖರ್ಚನ್ನು ಬರೆದುಕೊಳ್ಳುವುದು ಸೂಕ್ತ. ಬ್ಯಾಟರಿಯಲ್ಲಿ ಬಳಸಬಹುದಾದ ಪ್ರಮಾಣವೇ ಜಮಾ. ಒಂದು ದಿನದಲ್ಲಿ ಉಪಕರಣಗಳು ಬಳಸುವ ಪ್ರಮಾಣವೇ ಖರ್ಚು.

100 ಆಂಪಿಯರ್-ಗಂಟೆ ಎಂದು ನಮೂದಿಸಿರುವ 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿಯಲ್ಲಿ ಪೂರ್ಣ 100ನ್ನು ಬಳಸುವಂತಿಲ್ಲ. ಅರ್ಧಕ್ಕಿಂತ ಕೆಳಗೆ ಪದೇ ಪದೇ ಇಳಿಸಿದಲ್ಲಿ ಬ್ಯಾಟರಿಯ ಆಯುಷ್ಯ ಬೇಗನೆ ಕುಂದುತ್ತದೆ. ಆದ್ದರಿಂದ ಜಮಾ ಬದಿಯಲ್ಲಿ 50 ಆಂಪಿಯರ್-ಗಂಟೆಯನ್ನು ಮಾತ್ರ ಬರೆಯತಕ್ಕದ್ದು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಾದಲ್ಲಿ ಸುಮಾರು 80ರವರೆಗೆ ಬಳಸಬಹುದು; ಆದರೆ ಅದಕ್ಕೆ ತಕ್ಕ ಚಾರ್ಜರ್ ಬೇಕು.

ಖರ್ಚಿನ ಬದಿಗೆ ಒಂದು ಉದಾಹರಣೆಯನ್ನು ಕೆಳಗೆ ನೀಡಲಾಗಿದೆ. ಮಾಲೀಕರು ತಮ್ಮ ಉಪಕರಣದ ಹಿಂಬದಿಯ ಚೀಟಿಯಲ್ಲಿರುವ ವ್ಯಾಟ್ ಸಂಖ್ಯೆಯನ್ನು ಬಳಸಿ ಇದೇ ರೀತಿ ಲೆಕ್ಕ ಹಾಕಿಕೊಳ್ಳಬಹುದು.

ಅ) ದೂರದರ್ಶನ, 32 ಅಂಗುಲದ ಎಲ್‌ಇಡಿ, 45 ವ್ಯಾಟ್, 4 ಗಂಟೆ: 180 ವ್ಯಾಟ್-ಗಂಟೆ
ಆ) ಸೆಟ್ ಟಾಪ್ ಬಾಕ್ಸ್, 12 ವ್ಯಾಟ್, 4 ಗಂಟೆ: 48 ವ್ಯಾಟ್-ಗಂಟೆ
ಇ) ಆಂಪ್ಲಿಫೈಯರ್, ಸಾಧಾರಣ ಧ್ವನಿಯಲ್ಲಿ 30 ವ್ಯಾಟ್, 4 ಗಂಟೆ: 120 ವ್ಯಾಟ್-ಗಂಟೆ
ಈ) ಎರಡು ಫ್ಯಾನುಗಳು, ತಲಾ 20 ವ್ಯಾಟ್, 8 ಗಂಟೆ: 320 ವ್ಯಾಟ್-ಗಂಟೆ
ಉ) ದೀಪಗಳು, 10 ವ್ಯಾಟ್, 5 ಗಂಟೆ: 50 ವ್ಯಾಟ್-ಗಂಟೆ

ಒಟ್ಟು 718 ವ್ಯಾಟ್-ಗಂಟೆ. ಇದನ್ನು 12ರಿಂದ ಭಾಗಿಸಿದಾಗ ಸುಮಾರು 60 ಆಂಪಿಯರ್-ಗಂಟೆ ಬರುತ್ತದೆ. ಅಂದರೆ ಜಮಾ 50 ಇದ್ದು ಖರ್ಚು 60 ಆಗಿದೆ.

ಇದರಲ್ಲಿ ಇನ್ನೂ ಎರಡು ಗುಪ್ತ ಖರ್ಚುಗಳು ಸೇರಿಲ್ಲ. ಮೊದಲನೆಯದು, ರಿಮೋಟ್‌ನಿಂದ ಮಾತ್ರ ಆರಿಸಿದ ಸೆಟ್ ಟಾಪ್ ಬಾಕ್ಸ್ ಪೂರ್ಣವಾಗಿ ಆರುವುದಿಲ್ಲ. ಅದು 8 ವ್ಯಾಟ್ ಬಳಸುತ್ತಿದ್ದರೂ ಉಳಿದ 20 ಗಂಟೆಗಳಲ್ಲಿ 160 ವ್ಯಾಟ್-ಗಂಟೆ, ಅಂದರೆ ಸುಮಾರು 13 ಆಂಪಿಯರ್-ಗಂಟೆ ವ್ಯಯವಾಗುತ್ತದೆ. ಯಾರೂ ನೋಡದ ಪೆಟ್ಟಿಗೆಯು ಹೀಗೆ ದೂರದರ್ಶನದಷ್ಟೇ ವಿದ್ಯುತ್ತನ್ನು ತಿನ್ನುತ್ತದೆ. ಎರಡನೆಯದು, ಇನ್ವರ್ಟರ್ ನಷ್ಟ. 12 ವೋಲ್ಟನ್ನು 230 ವೋಲ್ಟಿಗೆ ಏರಿಸಿ, ಮತ್ತೆ ಉಪಕರಣದ ಅಡಾಪ್ಟರ್‌ನಲ್ಲಿ 12 ವೋಲ್ಟಿಗೆ ಇಳಿಸುವುದರಲ್ಲಿ ಶೇಕಡ 15ರಷ್ಟು ಹೋದರೂ ಮೇಲ್ಕಂಡ ಮೊದಲ ಮೂರು ಬಾಬ್ತುಗಳಲ್ಲಿ 5 ಆಂಪಿಯರ್-ಗಂಟೆ ಹೆಚ್ಚಾಗುತ್ತದೆ. ಒಟ್ಟು ಖರ್ಚು 78ಕ್ಕೆ ಏರುತ್ತದೆ.

ಇದನ್ನು ಸರಿದೂಗಿಸಲು ಹೊಸ ಬ್ಯಾಟರಿಯೇ ಬೇಕೆಂದಿಲ್ಲ. ಸೆಟ್ ಟಾಪ್ ಬಾಕ್ಸ್‌ಗೆ ಪ್ರತ್ಯೇಕ ಸ್ವಿಚ್ ಹಾಕಿ ಪೂರ್ಣವಾಗಿ ಆರಿಸಿದರೆ 13 ಉಳಿಯುತ್ತದೆ. 12 ವೋಲ್ಟಿನಲ್ಲೇ ನಡೆಯುವ ಉಪಕರಣಗಳನ್ನು ಆಯ್ದುಕೊಂಡು ಇನ್ವರ್ಟರನ್ನು ಕೈಬಿಟ್ಟರೆ 5 ಉಳಿಯುತ್ತದೆ. ದೂರದರ್ಶನ ವೀಕ್ಷಣೆಯನ್ನು 4 ಗಂಟೆಯಿಂದ ಎರಡೂವರೆ ಗಂಟೆಗೆ ಇಳಿಸಿದರೆ ಇನ್ನೂ 11 ಉಳಿಯುತ್ತದೆ. ಖರ್ಚು 49ಕ್ಕೆ ಬಂದು ನಿಲ್ಲುತ್ತದೆ. ಛಾವಣಿಯ ಮೇಲೆ ಸೌರ ಫಲಕವಿದ್ದಲ್ಲಿ ಅದರ ಉತ್ಪಾದನೆಯನ್ನು ಜಮಾಕ್ಕೆ ಸೇರಿಸಬಹುದು. ಆದರೆ ಮಲೆನಾಡಿನ ಮಳೆಗಾಲದ ದಿನಗಳಲ್ಲಿ ಅದನ್ನು ನೆಚ್ಚಿಕೊಳ್ಳುವುದು ಸರಿಯಲ್ಲ.

ಯಾವುದೇ ಕಾರಣಕ್ಕೂ ವಾಹನ ಚಾಲೂ ಮಾಡುವ ಬ್ಯಾಟರಿಯಿಂದ ಮನರಂಜನಾ ಉಪಕರಣಗಳಿಗೆ ಸಂಪರ್ಕ ಕೊಡಬಾರದು. ಮೊಬೈಲ್ ಸಂಪರ್ಕವಿಲ್ಲದ ಘಟ್ಟ ಪ್ರದೇಶದಲ್ಲಿ ಬೆಳಗ್ಗೆ ಎಂಜಿನ್ ಚಾಲೂ ಆಗದೆ ಕುಟುಂಬ ಸಿಲುಕಿಕೊಳ್ಳುವುದಕ್ಕೆ ರಾತ್ರಿ ನೋಡಿದ ಒಂದು ಚಲನಚಿತ್ರ ಸಾಕು. ಎರಡೂ ಬ್ಯಾಟರಿಗಳು ಪ್ರತ್ಯೇಕವಾಗಿದ್ದು, ಎಂಜಿನ್ ನಡೆಯುವಾಗ ಮಾತ್ರ ಚಾರ್ಜಿಂಗ್‌ಗಾಗಿ ಜೋಡಣೆಯಾಗುವ ವ್ಯವಸ್ಥೆ ಇರಬೇಕು.

3. ಹನ್ನೆರಡು ಮತ್ತು ಇಪ್ಪತ್ನಾಲ್ಕು ವೋಲ್ಟಿನ ಗೊಂದಲ

ಟೆಂಪೋ ಟ್ರಾವೆಲರ್ ಮಾದರಿಯ ವಾಹನಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ವ್ಯವಸ್ಥೆಯಿರುತ್ತದೆ. ದೊಡ್ಡ ಬಸ್ ಚಾಸಿಯ ಮೇಲೆ ನಿರ್ಮಿಸಿದ ಕಾರವಾನ್‌ಗಳಲ್ಲಿ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಪಡೆಯಲಾಗಿರುತ್ತದೆ. ಇಂತಹ ವಾಹನದಲ್ಲಿ 12 ವೋಲ್ಟಿನ ಸ್ಟೀರಿಯೋ ಅಥವಾ ಸೆಟ್ ಟಾಪ್ ಬಾಕ್ಸ್ ಅಳವಡಿಸುವಾಗ ಎರಡರಲ್ಲಿ ಒಂದು ಬ್ಯಾಟರಿಯಿಂದ ಮಾತ್ರ ತಂತಿ ಎಳೆಯುವ ಪದ್ಧತಿ ಕೆಲವೆಡೆ ರೂಢಿಯಲ್ಲಿದೆ. ಇದು ತಪ್ಪು. ಒಂದು ಬ್ಯಾಟರಿ ಹೆಚ್ಚು ಖಾಲಿಯಾಗಿ, ಇನ್ನೊಂದು ಮಿತಿಮೀರಿ ಚಾರ್ಜ್ ಆಗಿ, ಕೊನೆಗೆ ಎರಡೂ ಹಾಳಾಗುತ್ತವೆ. 24ರಿಂದ 12 ವೋಲ್ಟಿಗೆ ಇಳಿಸುವ ಪರಿವರ್ತಕವನ್ನು ಬಳಸುವುದೇ ಸರಿಯಾದ ಕ್ರಮ.

12 ವೋಲ್ಟಿನ ವಾಹನದಲ್ಲಿಯೂ ವೋಲ್ಟೇಜು ಸ್ಥಿರವಾಗಿರುವುದಿಲ್ಲ. ಎಂಜಿನ್ ಚಾರ್ಜ್ ಮಾಡುವಾಗ ಅದು 14 ವೋಲ್ಟನ್ನು ಮೀರುತ್ತದೆ. ಬ್ಯಾಟರಿ ತಗ್ಗಿದಾಗ 12ಕ್ಕಿಂತ ಕೆಳಗಿಳಿಯುತ್ತದೆ. ಮನೆ ಬಳಕೆಗೆ ತಯಾರಾದ ಉಪಕರಣದ ಮೇಲೆ 12 ವೋಲ್ಟ್ ಎಂದು ಬರೆದಿದ್ದ ಮಾತ್ರಕ್ಕೆ ಅದು ಈ ಏರಿಳಿತವನ್ನು ತಾಳುತ್ತದೆ ಎಂದು ಭಾವಿಸಬಾರದು. ಸ್ಥಿರ 12 ವೋಲ್ಟ್ ನೀಡುವ ನಿಯಂತ್ರಕವನ್ನು ನಡುವೆ ಅಳವಡಿಸುವುದು ಒಳಿತು.

4. ಉಪಗ್ರಹ ಸ್ವೀಕಾರ: ಆಕಾಶದಲ್ಲಿ ಎಲ್ಲಿ ನೋಡಬೇಕು

ದೂರದರ್ಶನದ ಅನಲಾಗ್ ಭೂ ಪ್ರಸಾರ ಕೇಂದ್ರಗಳನ್ನು ಆಯಕಟ್ಟಿನ ಕೆಲವು ಸ್ಥಳಗಳನ್ನು ಬಿಟ್ಟು 2022ರ ಹೊತ್ತಿಗೆ ಹಂತ ಹಂತವಾಗಿ ಮುಚ್ಚಲಾಯಿತು. ಆದ್ದರಿಂದ ಹಳೆಯ ಕಾರವಾನ್‌ನ ಛಾವಣಿಯ ಮೇಲಿರುವ ಕಡ್ಡಿ ಆಂಟೆನಾ ಈಗ ಬಹುತೇಕ ನಿರುಪಯುಕ್ತ. ಅದನ್ನು ತೆಗೆದು, ಅದರ ರಂಧ್ರ ಮತ್ತು ಕೇಬಲ್ ಮಾರ್ಗವನ್ನು ಹೊಸ ಡಿಶ್‌ಗೆ ಬಳಸಿಕೊಳ್ಳಬಹುದು.

ಪ್ರಸಾರ ಭಾರತಿಯ ಡಿಡಿ ಫ್ರೀ ಡಿಶ್ ಸೇವೆಯು 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಆರಂಭವಾಯಿತು. ಇದಕ್ಕೆ ಮಾಸಿಕ ಶುಲ್ಕವಿಲ್ಲ. ಡಿಡಿ ಚಂದನ ವಾಹಿನಿಯೂ ಇದರಲ್ಲಿ ಲಭ್ಯ. 2015ರ ನವೆಂಬರ್‌ನಲ್ಲಿ ಉಡಾವಣೆಯಾದ ಜಿಸ್ಯಾಟ್-15 ಉಪಗ್ರಹದಿಂದ, ಪೂರ್ವ ರೇಖಾಂಶ 93.5 ಡಿಗ್ರಿಯ ಸ್ಥಾನದಿಂದ, ಈ ಪ್ರಸಾರ ನಡೆಯುತ್ತದೆ. ಈ ಉಪಗ್ರಹದ ಕಕ್ಷೆಯ ಉಸ್ತುವಾರಿ ನಮ್ಮ ರಾಜ್ಯದ ಹಾಸನದಲ್ಲಿರುವ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರದ್ದಾಗಿದೆ. ಖಾಸಗಿ ಡಿಟಿಎಚ್ ಸೇವೆಗಳು ಬೇರೆ ಬೇರೆ ಸ್ಥಾನಗಳಲ್ಲಿರುವ ಉಪಗ್ರಹಗಳನ್ನು ಬಳಸುತ್ತವೆ. ಆದ್ದರಿಂದ ಸೇವೆ ಬದಲಾಯಿಸಿದರೆ ಡಿಶ್ ನೋಡುವ ದಿಕ್ಕೂ ಬದಲಾಗುತ್ತದೆ.

ಭೂಸ್ಥಿರ ಉಪಗ್ರಹವು ಸಮಭಾಜಕ ವೃತ್ತದ ಮೇಲೆ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿ, ಭೂಮಿಯಿಂದ ನೋಡಿದಾಗ ಒಂದೇ ಬಿಂದುವಿನಲ್ಲಿ ನಿಂತಂತೆ ಕಾಣುತ್ತದೆ. ಮನೆಯ ಡಿಶ್ಶನ್ನು ಒಮ್ಮೆ ತಿರುಗಿಸಿಟ್ಟರೆ ಸಾಕು. ಕಾರವಾನ್ ಊರಿಂದ ಊರಿಗೆ ಹೋಗುವುದರಿಂದ ಪ್ರತಿ ನಿಲುಗಡೆಯಲ್ಲೂ ಡಿಶ್ಶನ್ನು ಹೊಸದಾಗಿ ಹೊಂದಿಸಬೇಕು. 93.5 ಡಿಗ್ರಿ ಸ್ಥಾನದ ಉಪಗ್ರಹಕ್ಕೆ ರಾಜ್ಯದ ಮೂರು ಊರುಗಳ ಅಂದಾಜು ಕೋನಗಳು ಈ ಕೆಳಕಂಡಂತಿವೆ. ದಿಕ್ಕಿನ ಕೋನವನ್ನು ಉತ್ತರದಿಂದ ಪೂರ್ವದ ಕಡೆಗೆ ಅಳೆಯಲಾಗಿದೆ.

ಬೆಂಗಳೂರು: ದಿಕ್ಕು 128 ಡಿಗ್ರಿ, ಎತ್ತರ 66 ಡಿಗ್ರಿ
ಮಂಗಳೂರು: ದಿಕ್ಕು 123 ಡಿಗ್ರಿ, ಎತ್ತರ 64 ಡಿಗ್ರಿ
ಬೀದರ್: ದಿಕ್ಕು 137 ಡಿಗ್ರಿ, ಎತ್ತರ 62 ಡಿಗ್ರಿ

ಅಂದರೆ ಎಲ್ಲ ಕಡೆಯೂ ಸ್ಥೂಲವಾಗಿ ಆಗ್ನೇಯ ದಿಕ್ಕಿನಲ್ಲಿ, ನೆತ್ತಿಯ ಹತ್ತಿರಕ್ಕೆ ನೋಡಬೇಕು. ಇದರಿಂದ ಮೂರು ಪ್ರಾಯೋಗಿಕ ವಿಷಯಗಳು ತಿಳಿದುಬರುತ್ತವೆ.

ಅ) ಮರಗಳ ಅಡ್ಡಿ. ಎತ್ತರದ ಕೋನ 66 ಡಿಗ್ರಿ ಇರುವಲ್ಲಿ, ಡಿಶ್ಶಿಗಿಂತ 10 ಮೀಟರ್ ಮೇಲಕ್ಕೆ ಬೆಳೆದ ಮರದಿಂದ ಸುಮಾರು ನಾಲ್ಕೂವರೆ ಮೀಟರ್ ದೂರವಿದ್ದರೆ ಸಾಕು, ಸಂಕೇತ ಮರದ ಮೇಲಿನಿಂದ ಹಾದುಬರುತ್ತದೆ. ಆದರೆ ಕೊಡಗಿನ ಕಾಫಿ ತೋಟದ ಸಿಲ್ವರ್ ಓಕ್ ನೆರಳಿನಲ್ಲಿಯೇ ವಾಹನ ನಿಲ್ಲಿಸಿದರೆ ಯಾವ ದುಬಾರಿ ಡಿಶ್ಶೂ ಕೆಲಸ ಮಾಡದು. ನೆರಳು ಮತ್ತು ಸಂಕೇತ ಎರಡೂ ಬೇಕಾದವರಿಗೆ, ಕೇಬಲ್ ಎಳೆದು ಬಯಲಿನಲ್ಲಿ ಇಡಬಹುದಾದ ಮುಕ್ಕಾಲಿ ಡಿಶ್ ಉತ್ತಮ.

ಆ) ಆಮದು ಉಪಕರಣಗಳ ಮಿತಿ. ಯುರೋಪಿನ ಮೋಟಾರ್ ಹೋಮ್‌ಗಳಿಗಾಗಿ ತಯಾರಾದ ಸ್ವಯಂಚಾಲಿತ ಡಿಶ್‌ಗಳು ಆಕರ್ಷಕವಾಗಿ ಕಾಣಬಹುದು. ಆದರೆ ಲಂಡನ್ ನಗರದಿಂದ ಅಲ್ಲಿನ ಪ್ರಮುಖ ಪ್ರಸಾರ ಉಪಗ್ರಹಗಳಿರುವ 28.2 ಡಿಗ್ರಿ ಪೂರ್ವದ ಸ್ಥಾನವನ್ನು ನೋಡುವ ಎತ್ತರದ ಕೋನ ಸುಮಾರು 25 ಡಿಗ್ರಿ ಮಾತ್ರ. ಅಂತಹ ಉಪಕರಣವು 66 ಡಿಗ್ರಿಯವರೆಗೆ ತಲೆ ಎತ್ತಬಲ್ಲುದೇ ಮತ್ತು ಅದರ ಸ್ಮರಣೆಯಲ್ಲಿ 93.5 ಡಿಗ್ರಿಯ ಉಪಗ್ರಹದ ವಿವರವನ್ನು ಸೇರಿಸಬಹುದೇ ಎಂಬ ಎರಡು ಪ್ರಶ್ನೆಗಳಿಗೆ ಮಾರಾಟಗಾರರಿಂದ ಲಿಖಿತ ಉತ್ತರ ಪಡೆದ ನಂತರವೇ ಹಣ ಪಾವತಿಸತಕ್ಕದ್ದು.

ಇ) ಎಲ್‌ಎನ್‌ಬಿ ತಿರುವು. ಡಿಶ್‌ನ ಮುಂದೆ ಕುಳಿತಿರುವ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲಿ ಎಷ್ಟು ತಿರುಗಿಸಬೇಕೆಂಬುದೂ ಊರಿನಿಂದ ಊರಿಗೆ ಬದಲಾಗುತ್ತದೆ. ಬೆಂಗಳೂರಿಗೂ ಬೀದರ್‌ಗೂ ಈ ತಿರುವಿನಲ್ಲಿ ಸುಮಾರು 10 ಡಿಗ್ರಿ ವ್ಯತ್ಯಾಸವಿದೆ. ಕೆಲವು ವಾಹಿನಿಗಳು ಬಂದು ಕೆಲವು ಬಾರದಿರುವ ಸಂದರ್ಭದಲ್ಲಿ ಮೊದಲು ಇದನ್ನು ಪರಿಶೀಲಿಸಬೇಕು.

ಡಿಶ್ಶನ್ನು ಹೊಂದಿಸುವವರು ಇನ್ನೊಂದು ವಿಷಯ ಗಮನಿಸಬೇಕು. ಮನೆಗಳಲ್ಲಿ ಕಾಣುವ ಡಿಶ್‌ಗಳಲ್ಲಿ ಎಲ್‌ಎನ್‌ಬಿಯನ್ನು ಮಧ್ಯದಿಂದ ಕೆಳಗೆ ಇರಿಸಲಾಗಿರುತ್ತದೆ. ಇದರಿಂದಾಗಿ ಡಿಶ್‌ನ ಮುಖ ನೋಡುತ್ತಿರುವಂತೆ ಕಾಣುವುದಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಮೇಲಿನಿಂದ ಅದು ಸಂಕೇತ ಪಡೆಯುತ್ತದೆ. ಕಣ್ಣಳತೆಯನ್ನು ನಂಬದೆ ಹಿಂಬದಿಯ ಹಿಡಿಕೆಯ ಮೇಲಿರುವ ಅಳತೆ ಗುರುತನ್ನೇ ಅನುಸರಿಸಬೇಕು. ದಿಕ್ಸೂಚಿಯನ್ನು ವಾಹನದಿಂದ ಕೆಲವು ಹೆಜ್ಜೆ ದೂರ ನಿಂತು ನೋಡಬೇಕು. ವಾಹನದ ಕಬ್ಬಿಣ ಅದರ ಮುಳ್ಳನ್ನು ಎಳೆಯುತ್ತದೆ.

5. ಆಂಟೆನಾದ ವಿಧಗಳು ಮತ್ತು ಛಾವಣಿ

ಮುಕ್ಕಾಲಿ ಡಿಶ್ ಅತ್ಯಂತ ಅಗ್ಗ. ಇದಕ್ಕೆ ಛಾವಣಿ ಕೊರೆಯಬೇಕಿಲ್ಲ. ಪ್ರತಿ ಬಾರಿ ಇಳಿಸಿ ಹೊಂದಿಸುವ ಶ್ರಮವಿದೆ, ಗಾಳಿಗೆ ಬೀಳದಂತೆ ಭಾರ ಕಟ್ಟಬೇಕು. ಒಳಗಿನಿಂದ ಹಿಡಿಕೆ ತಿರುಗಿಸಿ ಏರಿಸುವ ಛಾವಣಿ ಡಿಶ್ ಮಧ್ಯಮ ದರದ್ದು. ಗುಂಡಿ ಒತ್ತಿದರೆ ತಾನೇ ಉಪಗ್ರಹ ಹುಡುಕುವ ಸ್ವಯಂಚಾಲಿತ ಡಿಶ್ ದುಬಾರಿ. ವಾಹನ ಚಲಿಸುವಾಗಲೂ ಉಪಗ್ರಹವನ್ನು ಹಿಂಬಾಲಿಸುವ ಗುಮ್ಮಟಾಕಾರದ ಆಂಟೆನಾ ಎಲ್ಲಕ್ಕಿಂತ ದುಬಾರಿಯಾಗಿದ್ದು, ಸ್ವಂತ ಬಳಕೆಯ ವಾಹನಕ್ಕೆ ಅದರ ಅಗತ್ಯ ಕಡಿಮೆ.

ಛಾವಣಿ ಕೊರೆಯುವುದಾದಲ್ಲಿ ಕೆಳಕಂಡ ಅಂಶಗಳನ್ನು ಪಾಲಿಸತಕ್ಕದ್ದು.

ಅ) ರಂಧ್ರಗಳು ಕಡಿಮೆಯಿದ್ದಷ್ಟೂ ಒಳ್ಳೆಯದು. ಕೇಬಲ್ ಒಳಬರುವ ಸ್ಥಳದಲ್ಲಿ ನೀರು ನುಗ್ಗದ ಮುಚ್ಚಳ ಹಾಗೂ ವಾಹನಗಳಿಗೆಂದೇ ಇರುವ ಸೀಲಂಟ್ ಬಳಸಬೇಕು. ಸೋರಿಕೆ ಕಣ್ಣಿಗೆ ಬೀಳುವ ಹೊತ್ತಿಗೆ ಒಳಗಿನ ಪ್ಲೈವುಡ್ ಕೊಳೆತಿರುತ್ತದೆ.
ಆ) ಕೇಬಲ್ ಒಳಹೋಗುವ ಮುನ್ನ ಕೆಳಕ್ಕೆ ಒಂದು ಬಾಗು ಕೊಡಬೇಕು. ಆಗ ನೀರು ಆ ಬಾಗಿನಲ್ಲಿ ತೊಟ್ಟಿಕ್ಕುತ್ತದೆ, ಒಳಗೆ ಹರಿಯುವುದಿಲ್ಲ.
ಇ) ವಾಹನ ಹೊರಡುವ ಮುನ್ನ ಡಿಶ್ ಮಡಿಚಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಡಿಶ್ ಎದ್ದಿರುವಾಗ ಕೀಲಿ ತಿರುಗಿಸಿದರೆ ಗಂಟೆ ಬಾರಿಸುವ ಸರಳ ಸ್ವಿಚ್ಚನ್ನು ಅಳವಡಿಸಬಹುದು.
ಈ) ಮಡಿಚಿದ ಡಿಶ್ ಸೇರಿ ವಾಹನದ ಒಟ್ಟು ಎತ್ತರವನ್ನು ಅಳೆದು ಚಾಲಕರ ಎದುರಿಗೆ ಬರೆದು ಅಂಟಿಸಬೇಕು. ರೈಲ್ವೆ ಕೆಳಸೇತುವೆಗಳ ಬಳಿ ಊಹೆ ಉಪಯೋಗಕ್ಕೆ ಬರುವುದಿಲ್ಲ.
ಉ) ಗುಡುಗು ಸಿಡಿಲಿನ ಸಮಯದಲ್ಲಿ ಡಿಶ್ಶನ್ನು ಇಳಿಸಿ, ಸೆಟ್ ಟಾಪ್ ಬಾಕ್ಸ್‌ನಿಂದ ಕೇಬಲ್ ಬಿಡಿಸಿಡಬೇಕು.

ಭಾರಿ ಮಳೆ ಸುರಿಯುವಾಗ ಚಿತ್ರ ಒಡೆಯುವುದು ಉಪಕರಣದ ದೋಷವಲ್ಲ. ಡಿಟಿಎಚ್ ಬಳಸುವ ಕೆಯು ಬ್ಯಾಂಡ್ ತರಂಗಗಳನ್ನು ಮಳೆಹನಿಗಳು ಹೀರಿಕೊಳ್ಳುತ್ತವೆ. ಸ್ವಲ್ಪ ದೊಡ್ಡ ಡಿಶ್‌ನಿಂದ ಇದು ಕಡಿಮೆಯಾಗುತ್ತದೆಯೇ ಹೊರತು ಆಗುಂಬೆಯ ಮಳೆಯಲ್ಲಿ ಪೂರ್ಣವಾಗಿ ತಪ್ಪುವುದಿಲ್ಲ.

6. ಪರದೆ

ಪರದೆಯ ಗಾತ್ರವನ್ನು ಕುಳಿತುಕೊಳ್ಳುವ ದೂರವು ನಿರ್ಧರಿಸಬೇಕು. ಎರಡು ಮೀಟರ್ ದೂರದಿಂದ ನೋಡುವ ಕಾರವಾನ್‌ನಲ್ಲಿ 32 ಅಂಗುಲದ ಪರದೆ ಧಾರಾಳವಾಗಿ ಸಾಕು. ಗೋಡೆಗೆ ಬಿಗಿಯುವ ತೋಳು ವಾಹನಕ್ಕೆಂದು ಮಾಡಿದ್ದಾಗಿರಬೇಕು. ಅದನ್ನು ತೆಳು ಪ್ಲೈವುಡ್‌ಗೆ ಬಿಗಿಯದೆ ಒಳಗಿನ ಚೌಕಟ್ಟಿಗೆ ಬಿಗಿಯಬೇಕು. ಹಠಾತ್ ಬ್ರೇಕ್ ಹಾಕಿದಾಗ ಪರದೆ ಯಾರ ತಲೆಯ ಮೇಲೆ ಬೀಳಬಹುದು ಎಂದು ಮೊದಲೇ ಆಲೋಚಿಸಬೇಕು. ಪರದೆಯು ಯಾವ ಸ್ಥಿತಿಯಲ್ಲೂ ಚಾಲಕರ ಕಣ್ಣಿಗೆ ನೇರವಾಗಿಯಾಗಲಿ, ಗಾಜಿನ ಪ್ರತಿಬಿಂಬದಲ್ಲಾಗಲಿ ಕಾಣಬಾರದು.

ಹಳೆಯ ಸೆಟ್ ಟಾಪ್ ಬಾಕ್ಸ್‌ಗಳಲ್ಲಿ ಕೆಂಪು, ಬಿಳಿ, ಹಳದಿ ಬಣ್ಣದ ಮೂರು ತಂತಿಗಳ ಸಂಪರ್ಕ ಮಾತ್ರ ಇರುತ್ತದೆ. ಹೊಸ ದೂರದರ್ಶನಗಳಲ್ಲಿ ಆ ಸಂಪರ್ಕ ಇಲ್ಲದಿರಬಹುದು. ಪರದೆ ಬದಲಾಯಿಸುವಾಗ ಎಚ್‌ಡಿಎಂಐ ಸಂಪರ್ಕವುಳ್ಳ, ಎಂಪೆಗ್-4 ಸಂಕೇತ ಓದಬಲ್ಲ ಬಾಕ್ಸ್ ತೆಗೆದುಕೊಳ್ಳುವುದು ಮಿತವ್ಯಯದ ಕ್ರಮ.

7. ಧ್ವನಿ ಉಪಕರಣಗಳು

ಧ್ವನಿ ಉಪಕರಣದ ಪೆಟ್ಟಿಗೆಯ ಮೇಲೆ ಪಿಎಂಪಿಒ ಎಂದು ಸಾವಿರಾರು ವ್ಯಾಟ್ ಬರೆದಿರುವುದು ಸಾಮಾನ್ಯ. ಅದು ಜಾಹೀರಾತಿನ ಸಂಖ್ಯೆ. ಆರ್‌ಎಂಎಸ್ ಎಂದು ನಮೂದಿಸಿದ ಸಂಖ್ಯೆಯೇ ನಿಜವಾದ ಶಕ್ತಿ. ಕಾರವಾನ್‌ನ ಒಳಗಿನ ಅಳತೆಗೆ ಪ್ರತಿ ಸ್ಪೀಕರಿಗೆ 20ರಿಂದ 30 ವ್ಯಾಟ್ ಆರ್‌ಎಂಎಸ್ ಸಾಕಾಗುತ್ತದೆ.

ಶಕ್ತಿ ಹೆಚ್ಚಿದಂತೆ ತಂತಿ ದಪ್ಪವಾಗಬೇಕು. ಒಟ್ಟು 200 ವ್ಯಾಟ್ ಆರ್‌ಎಂಎಸ್ ನೀಡುವ, ಶೇಕಡ 60ರಷ್ಟು ದಕ್ಷತೆಯ ಆಂಪ್ಲಿಫೈಯರ್ 12 ವೋಲ್ಟಿನಲ್ಲಿ ಸುಮಾರು 28 ಆಂಪಿಯರ್ ಎಳೆಯುತ್ತದೆ. ಬ್ಯಾಟರಿಯಿಂದ ಆಂಪ್ಲಿಫೈಯರ್ 5 ಮೀಟರ್ ದೂರವಿದ್ದಲ್ಲಿ ಹೋಗಿ ಬರುವ ತಾಮ್ರದ ತಂತಿ 10 ಮೀಟರ್. ಈ ತಂತಿ 2.5 ಚದರ ಮಿಲಿಮೀಟರಿನದಾದರೆ ಸುಮಾರು 2 ವೋಲ್ಟ್ ದಾರಿಯಲ್ಲೇ ಶಾಖವಾಗಿ ನಷ್ಟವಾಗುತ್ತದೆ. 6 ಚದರ ಮಿಲಿಮೀಟರಾದರೆ 0.8 ವೋಲ್ಟ್, 16 ಚದರ ಮಿಲಿಮೀಟರಾದರೆ 0.3 ವೋಲ್ಟ್. ಮೊದಲನೆಯ ಆಯ್ಕೆಯಲ್ಲಿ ಧ್ವನಿ ಕೆಡುವುದು ಸಣ್ಣ ತೊಂದರೆ. ಪ್ಲೈವುಡ್ ಮತ್ತು ಸ್ಪಂಜಿನ ಹಿಂದೆ ತಂತಿ ಬಿಸಿಯಾಗುವುದು ದೊಡ್ಡ ಅಪಾಯ.

ಧ್ವನಿ ಸಂಬಂಧಿ ಸಾಮಾನ್ಯ ತೊಂದರೆಗಳು ಮತ್ತು ಪರಿಹಾರಗಳು:

ಅ) ಎಂಜಿನ್ ವೇಗಕ್ಕೆ ತಕ್ಕಂತೆ ಏರಿಳಿಯುವ ಸಿಳ್ಳೆಯಂತಹ ಸದ್ದು ಬಂದರೆ, ಉಪಕರಣಗಳ ಭೂ ಸಂಪರ್ಕಗಳು ಬೇರೆ ಬೇರೆ ಕಡೆ ಇವೆ ಎಂದರ್ಥ. ಎಲ್ಲವನ್ನೂ ಒಂದೇ ಬಿಂದುವಿಗೆ ತಂದು, ಧ್ವನಿ ತಂತಿಗಳನ್ನು ವಿದ್ಯುತ್ ತಂತಿಗಳಿಂದ ದೂರವಾಗಿ ಎಳೆಯಬೇಕು.
ಆ) ಬ್ಲೂಟೂತ್ ಮೂಲಕ ಸ್ಪೀಕರ್ ಜೋಡಿಸಿದಾಗ ತುಟಿಯ ಚಲನೆಗಿಂತ ಮಾತು ತಡವಾಗಿ ಕೇಳಬಹುದು. ದೂರದರ್ಶನಕ್ಕೆ ತಂತಿಯ ಸಂಪರ್ಕವೇ ಮೇಲು.
ಇ) ಹೊಸ ಪರಿವರ್ತಕ ಅಥವಾ ಅಗ್ಗದ ಎಲ್‌ಇಡಿ ದೀಪ ಹಾಕಿದ ಮೇಲೆ ಆಕಾಶವಾಣಿ ಕೇಳಿಸದಿದ್ದರೆ, ಅವುಗಳನ್ನು ಒಂದೊಂದಾಗಿ ಆರಿಸಿ ನೋಡಿದಲ್ಲಿ ದೋಷದ ಮೂಲ ತಿಳಿಯುತ್ತದೆ.

8. ಬೆಂಕಿ ಮತ್ತು ಅನಿಲದ ಬಗ್ಗೆ ಎಚ್ಚರಿಕೆ

2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುತ್ತಿದ್ದ ಬಸ್ಸೊಂದು ಮೆಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಬೆಂಕಿಗೆ ಆಹುತಿಯಾಗಿ 45 ಜನ ಮೃತಪಟ್ಟರು. ಆ ಅಪಘಾತಕ್ಕೆ ಧ್ವನಿ ಅಥವಾ ದೂರದರ್ಶನ ಉಪಕರಣ ಕಾರಣವಲ್ಲ. ಬಸ್ಸು ಮೋರಿಗೆ ಬಡಿದು ಬೆಂಕಿ ಹೊತ್ತಿತ್ತು. ಆದರೆ ಮಲಗಿರುವ ಜನರಿರುವ ವಾಹನದಲ್ಲಿ ಬೆಂಕಿ ಹರಡಿದರೆ ಹೊರಬರಲು ಸಿಗುವ ಸಮಯ ಎಷ್ಟು ಕಡಿಮೆ ಎಂಬುದನ್ನು ಆ ರಾತ್ರಿ ಎಲ್ಲರಿಗೂ ತಿಳಿಸಿತು. ಕಾರವಾನ್ ಸಹ ಮಲಗುವ ವಾಹನವೇ. ಆದ್ದರಿಂದ ಕೆಳಕಂಡ ನಿಯಮಗಳಿಗೆ ವಿನಾಯಿತಿ ಇರಬಾರದು.

ಅ) ಬ್ಯಾಟರಿಯ ಧನ ತಂತಿಗೆ, ಬ್ಯಾಟರಿಯ ಸಮೀಪದಲ್ಲಿಯೇ, ಅರ್ಧ ಮೀಟರಿನೊಳಗೆ ಫ್ಯೂಸ್ ಇರಬೇಕು. ಫ್ಯೂಸ್ ಇರುವುದು ಉಪಕರಣವನ್ನು ಕಾಪಾಡಲು ಮಾತ್ರವಲ್ಲ, ತಂತಿಯನ್ನು ಕಾಪಾಡಲು. ತಂತಿ ತಾಳುವ ಪ್ರಮಾಣಕ್ಕಿಂತ ದೊಡ್ಡ ಫ್ಯೂಸ್ ಹಾಕಬಾರದು. ಸುಟ್ಟ ಫ್ಯೂಸಿನ ಜಾಗದಲ್ಲಿ ತಂತಿಯ ಎಳೆ ಸುತ್ತುವುದು ಬೆಂಕಿಯನ್ನು ಆಹ್ವಾನಿಸಿದಂತೆ.
ಆ) ಲೋಹದ ಹಾಳೆಯಲ್ಲಿ ತಂತಿ ಹಾದುಹೋಗುವ ಕಡೆ ರಬ್ಬರ್ ಬಳೆ ಹಾಕಬೇಕು. ಅದುರಿ ಅದುರಿ ಸವೆದ ತಂತಿಯೇ ಶಾರ್ಟ್ ಸರ್ಕ್ಯೂಟ್‌ಗೆ ದಾರಿ.
ಇ) ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದಾಗ ಅದು ನೆಲಮಟ್ಟದಲ್ಲಿ ನಿಲ್ಲುತ್ತದೆ. ಆದ್ದರಿಂದ ಆಂಪ್ಲಿಫೈಯರ್, ಇನ್ವರ್ಟರ್, ರಿಲೇ ಮತ್ತು ಸ್ವಿಚ್‌ಗಳನ್ನು ಸಿಲಿಂಡರ್ ಕಪಾಟಿನಲ್ಲಾಗಲಿ, ಅದರ ಪಕ್ಕದ ನೆಲಮಟ್ಟದಲ್ಲಾಗಲಿ ಇಡಕೂಡದು. ಸಿಲಿಂಡರ್ ಕಪಾಟಿನ ಮೂಲಕ ಯಾವ ತಂತಿಯನ್ನೂ ಎಳೆಯಕೂಡದು.
ಈ) ಹಳೆಯ ಸ್ಪೀಕರ್ ತೆಗೆದ ಜಾಗದಲ್ಲಿ ಹೊಸದನ್ನು ಕೂರಿಸಲು ಅನಿಲ ಹೊರಹೋಗುವ ನೆಲದ ಕಿಂಡಿಯನ್ನು ಮುಚ್ಚಬಾರದು.
ಉ) ಹೊಸ ಪರದೆ ಅಥವಾ ಸ್ಪೀಕರ್ ಪೆಟ್ಟಿಗೆ ತುರ್ತು ನಿರ್ಗಮನದ ಕಿಟಕಿಗೆ ಅಡ್ಡ ಬರಬಾರದು. ಬೆಂಕಿ ನಂದಿಸುವ ಸಾಧನ ಮಲಗಿದವರ ಕೈಗೆ ಎಟುಕುವಂತಿರಬೇಕು.

9. ಕಾನೂನಿನ ಅಂಶಗಳು

ಮೋಟಾರು ವಾಹನಗಳ ಅಧಿನಿಯಮ, 1988ರ 52ನೇ ಕಲಂ ಪ್ರಕಾರ, ನೋಂದಣಿ ಪ್ರಮಾಣಪತ್ರದಲ್ಲಿನ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯ ಮೂಲಕ ಸೇರಿಸಲಾದ 182ಎ ಕಲಂ ಅಡಿಯಲ್ಲಿ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗಿನ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ಕಾರವಾನ್‌ಗಳ ನಿರ್ಮಾಣಕ್ಕೆ ಎಐಎಸ್-124 ಎಂಬ ಮಾನದಂಡವೂ ಇದೆ. ಒಳಗಿನ ದೂರದರ್ಶನವನ್ನು ಅದೇ ಜಾಗದಲ್ಲಿ ಬದಲಾಯಿಸುವುದರಿಂದ ನೋಂದಣಿ ವಿವರಗಳು ಬದಲಾಗುವುದಿಲ್ಲ. ಆದರೆ ಆಸನ ತೆಗೆದು ಸ್ಪೀಕರ್ ಪೆಟ್ಟಿಗೆ ಕೂರಿಸುವುದು, ಛಾವಣಿಯ ರಚನೆ ಬದಲಿಸುವುದು, ತೂಕ ಗಣನೀಯವಾಗಿ ಹೆಚ್ಚಿಸುವುದು ಮುಂತಾದ ಕೆಲಸಗಳಿಗೆ ಮುನ್ನ ಸಂಬಂಧಪಟ್ಟ ನೋಂದಣಿ ಪ್ರಾಧಿಕಾರವನ್ನು ವಿಚಾರಿಸತಕ್ಕದ್ದು. ಕೆಲಸ ಮುಗಿದ ಮೇಲೆ ನೀರು, ಸಾಮಾನು, ಪ್ರಯಾಣಿಕರ ಸಹಿತ ವಾಹನವನ್ನು ಒಮ್ಮೆ ತೂಕಸೇತುವೆಯಲ್ಲಿ ತೂಗಿಸಿ, ನೋಂದಾಯಿತ ಒಟ್ಟು ತೂಕದೊಳಗೆ ಇದೆಯೇ ಎಂದು ನೋಡುವುದು ಒಳಿತು.

ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಹಾಗೂ ರಾತ್ರಿ 45 ಡೆಸಿಬಲ್, ನಿಶ್ಶಬ್ದ ವಲಯದಲ್ಲಿ ಹಗಲು 50 ಹಾಗೂ ರಾತ್ರಿ 40 ಡೆಸಿಬಲ್ ಮಿತಿ ಇದೆ. ರಾತ್ರಿ ಎಂದರೆ 10 ಗಂಟೆಯಿಂದ ಬೆಳಗ್ಗೆ 6 ಗಂಟೆಯವರೆಗೆ. ವಾಹನದ ಹೊರಮೈಗೆ ಸ್ಪೀಕರ್ ಅಳವಡಿಸುವವರು ಇದನ್ನು ನೆನಪಿಡಬೇಕು. ಕಾಡಿನ ಅಂಚಿನ ತಂಗುದಾಣಗಳಲ್ಲಿ ಹೊರಗಿನ ಸ್ಪೀಕರನ್ನು ಹಗಲಿನಲ್ಲಿಯೂ ಬಳಸದಿರುವುದು ಸಭ್ಯತೆ.

10. ಲೆಕ್ಕಪತ್ರ, ವಿಮೆ ಮತ್ತು ಹಳೆಯ ಉಪಕರಣಗಳ ವಿಲೇವಾರಿ

ಖರೀದಿಯ ಜಿಎಸ್‌ಟಿ ರಶೀದಿ, ಖಾತರಿ ಪತ್ರ ಹಾಗೂ ತಂತಿಗಳ ನಕ್ಷೆಯನ್ನು ಒಂದು ಕಡತದಲ್ಲಿ ಇರಿಸಬೇಕು. ವಾಹನದೊಂದಿಗೆ ಬಾರದೆ ನಂತರ ಅಳವಡಿಸಿದ ವಿದ್ಯುನ್ಮಾನ ಪರಿಕರಗಳ ಮೌಲ್ಯವನ್ನು ವಿಮಾ ಸಂಸ್ಥೆಗೆ ಪ್ರತ್ಯೇಕವಾಗಿ ಘೋಷಿಸಿ ಹೆಚ್ಚುವರಿ ಕಂತು ಪಾವತಿಸಿದಲ್ಲಿ ಮಾತ್ರ ಅವು ವಿಮೆಯ ವ್ಯಾಪ್ತಿಗೆ ಬರುತ್ತವೆ. ಕಳವಾದ ನಂತರ ರಶೀದಿ ತೋರಿಸುವುದರಿಂದ ಪ್ರಯೋಜನವಿಲ್ಲ. ಬಾಡಿಗೆ ಕಾರವಾನ್‌ನಲ್ಲಿ ಖಾಸಗಿ ಡಿಟಿಎಚ್ ಸಂಪರ್ಕ ಬಳಸುವ ನಿರ್ವಾಹಕರು, ಗೃಹಬಳಕೆಯ ಚಂದಾ ತಮಗೆ ಅನ್ವಯಿಸುವುದೇ ಎಂದು ಸೇವಾದಾರರಿಂದ ಲಿಖಿತವಾಗಿ ತಿಳಿದುಕೊಳ್ಳಬೇಕು.

ತೆಗೆದುಹಾಕಿದ ದೂರದರ್ಶನ ಮತ್ತು ಸೆಟ್ ಟಾಪ್ ಬಾಕ್ಸ್‌ಗಳಿಗೆ ವಿದ್ಯುನ್ಮಾನ ತ್ಯಾಜ್ಯ ನಿರ್ವಹಣಾ ನಿಯಮಗಳು, 2022 ಹಾಗೂ ಬ್ಯಾಟರಿಗಳಿಗೆ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022 ಅನ್ವಯಿಸುತ್ತವೆ. ಇವನ್ನು ಗುಜರಿಗೆ ಹಾಕದೆ ನೋಂದಾಯಿತ ಮರುಬಳಕೆದಾರರಿಗೆ ಅಥವಾ ಹೊಸ ಬ್ಯಾಟರಿ ನೀಡುವ ಮಾರಾಟಗಾರರಿಗೆ ಹಿಂದಿರುಗಿಸತಕ್ಕದ್ದು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮನೆಯ ಸೆಟ್ ಟಾಪ್ ಬಾಕ್ಸನ್ನೇ ಕಾರವಾನ್‌ಗೆ ಒಯ್ಯಬಹುದೇ?
ಉತ್ತರ: ಡಿಡಿ ಫ್ರೀ ಡಿಶ್ ಬಾಕ್ಸ್ ಆದಲ್ಲಿ ಒಯ್ಯಬಹುದು. ಖಾಸಗಿ ಸೇವೆಯಾದಲ್ಲಿ ಚಂದಾ ಷರತ್ತುಗಳನ್ನು ನೋಡಬೇಕು.

ಪ್ರಶ್ನೆ: ಅಂತರಜಾಲದಲ್ಲಿಯೇ ಎಲ್ಲವೂ ಸಿಗುವಾಗ ಡಿಶ್ ಅಗತ್ಯವೇ?
ಉತ್ತರ: ಪಟ್ಟಣಗಳಲ್ಲಿ ತಂಗುವವರಿಗೆ ಅಗತ್ಯವಿಲ್ಲ. ಮೊಬೈಲ್ ಸಂಪರ್ಕ ದುರ್ಬಲವಾಗಿರುವ ಘಟ್ಟ ಹಾಗೂ ಕಾಡಂಚಿನ ಸ್ಥಳಗಳಲ್ಲಿ ಡಿಶ್ ಉಪಯುಕ್ತ. ಹವಾಮಾನ ಮತ್ತು ರಸ್ತೆ ಬಂದ್ ಸುದ್ದಿ ತಿಳಿಯಲು ಅಲ್ಲಿ ಅದೂ, ಆಕಾಶವಾಣಿಯೂ ನೆರವಾಗುತ್ತವೆ.

ಪ್ರಶ್ನೆ: ಹಣ ಸೀಮಿತವಾಗಿದ್ದಲ್ಲಿ ಮೊದಲು ಏನು ಮಾಡಬೇಕು?
ಉತ್ತರ: ಫ್ಯೂಸ್ ಮತ್ತು ತಂತಿಗಳನ್ನು ಸರಿಪಡಿಸಬೇಕು, ಬ್ಯಾಟರಿಗಳನ್ನು ಪ್ರತ್ಯೇಕಿಸಬೇಕು. ನಂತರ ಮುಕ್ಕಾಲಿ ಡಿಶ್ ಕೊಳ್ಳಬಹುದು. ಪರದೆ ಮತ್ತು ಸ್ಪೀಕರ್‌ಗಳು ಕೊನೆಯ ಸರದಿಗೆ ಕಾಯಬಲ್ಲವು.

ಪ್ರಶ್ನೆ: ಅಳವಡಿಕೆಯನ್ನು ಸ್ವತಃ ಮಾಡಿಕೊಳ್ಳಬಹುದೇ?
ಉತ್ತರ: ಡಿಶ್ ಹೊಂದಿಸುವುದು, ಬಾಕ್ಸ್ ಜೋಡಿಸುವುದು ಮುಂತಾದವನ್ನು ಮಾಡಿಕೊಳ್ಳಬಹುದು. ಬ್ಯಾಟರಿ, ಇನ್ವರ್ಟರ್ ಹಾಗೂ 230 ವೋಲ್ಟಿನ ಕೆಲಸವನ್ನು ಅನುಭವಿ ವಾಹನ ಎಲೆಕ್ಟ್ರಿಷಿಯನ್‌ರಿಂದಲೇ ಮಾಡಿಸಿ, ಫ್ಯೂಸ್‌ಗಳ ಪಟ್ಟಿಯನ್ನು ಬರೆಸಿಕೊಳ್ಳಬೇಕು.

ಸೂಚನೆ: ಮೇಲ್ಕಂಡ ಲೇಖನವು ಸಾರ್ವಜನಿಕರ ಸಾಮಾನ್ಯ ತಿಳುವಳಿಕೆಗಾಗಿ ಮಾತ್ರ. ಉದಾಹರಣೆಯಲ್ಲಿನ ಸಂಖ್ಯೆಗಳು ಲೆಕ್ಕದ ವಿಧಾನವನ್ನು ತೋರಿಸಲು ನೀಡಿದವುಗಳಾಗಿದ್ದು, ಉಪಕರಣದ ತಯಾರಕರ ಕೈಪಿಡಿ ಮತ್ತು ಜಾರಿಯಲ್ಲಿರುವ ಅಧಿನಿಯಮ, ನಿಯಮಗಳೇ ಅಂತಿಮ.